ಕಬ್ಜಾ ಪತ್ರ ಖರೀದಿ ಪತ್ರವಲ್ಲ

ಮಾನ್ಯ ಸಂಪಾದಕರೇ,

‘ಹಣ ಮುಟ್ಟಿದೆ, ಹೊಲದ ಕಬ್ಜಾ (ಸ್ವಾಧೀನ) ಬಿಟ್ಟುಕೊಟ್ಟಿದ್ದೇನೆ’ ಎಂದು ಬಾಂಡ್ ಪೇಪರಿನಲ್ಲಿ ಬರೆಸಿ, ನೋಟರಿ ಮಾಡಿಸಿದರೆ ಜಮೀನು ತಮ್ಮದಾಯಿತೆಂದು ನಂಬುವವರು ಇಂಡಿ, ಸಿಂದಗಿ ಕಡೆ ಇನ್ನೂ ಇದ್ದಾರೆ. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಖರೀದಿ ಪತ್ರ ನೋಂದಣಿಯಾಗದೆ ಜಮೀನಿನ ಹಕ್ಕು ಬದಲಾಗದು. ಕಬ್ಜಾ ಹೇಳಿಕೆ ನೋಡಿ ಉಪನೋಂದಣಾಧಿಕಾರಿ ಯಾರ ಹೆಸರಿಗೂ ಹೊಲ ಮಾಡಿಕೊಡಲಾರರು. ಉತಾರದಲ್ಲಿ (ಪಹಣಿಯಲ್ಲಿ) ಹೆಸರಿರುವ ಮಾಲೀಕರೇ ಬಂದು ಸಹಿ ಹಾಕಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರೆಲ್ಲರೂ. ಹೆಚ್ಚಿನ ವ್ಯವಹಾರ ಕೆಡುವುದು ಇಲ್ಲೇ. ಸರ್ವೆ ನಂಬರಿನ ಒಂದು ಭಾಗವಷ್ಟೇ ಕೊಂಡಿದ್ದರೆ ಆ ಭಾಗವನ್ನು ಅಳೆದು ತೋರಿಸುವ ಸರ್ವೆ ಇಲಾಖೆಯ 11-ಇ ನಕ್ಷೆಯೂ ಬೇಕು.

ಕೋರ್ಟಿನ ಹಾದಿಯೂ ಸಲೀಸಲ್ಲ. ಕಬ್ಜಾ ಕೊಟ್ಟ ಮಾರಾಟದ ಕರಾರಿಗೆ ನಮ್ಮ ರಾಜ್ಯದಲ್ಲಿ ಖರೀದಿ ಪತ್ರದಷ್ಟೇ ಮುದ್ರಾಂಕ ಶುಲ್ಕ. ಕಡಿಮೆ ಬಿದ್ದ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟದೆ ಆ ಕಾಗದ ಸಾಕ್ಷ್ಯವಾಗದು. 2001ರ ತಿದ್ದುಪಡಿಯ ನಂತರ ನೋಂದಣಿಯಾಗದ ಕರಾರಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 53-ಎ ಕಲಂ ಕೊಂಡವರ ಕಬ್ಜಾಕ್ಕೆ ಕೊಡುವ ರಕ್ಷಣೆಯೂ ಇಲ್ಲ. ‘12 ವರ್ಷದಿಂದ ಉಳುತ್ತಿದ್ದೇವೆ’ ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ: ಮಾಲೀಕರೇ ಒಪ್ಪಿ ಕೊಟ್ಟ ಕಬ್ಜಾ ‘ಪ್ರತಿಕೂಲ ಸ್ವಾಧೀನ’ (ಮಾಲೀಕರ ಹಕ್ಕಿಗೆ ವಿರುದ್ಧವಾಗಿ ಇಟ್ಟುಕೊಂಡ ಕಬ್ಜಾ) ಆಗದು.

ಕಾಗದ ಬರೆದುಕೊಟ್ಟವರು ಬದುಕಿರುವಾಗಲೇ ಖರೀದಿ ಪತ್ರ ಮಾಡಿಸಿಕೊಳ್ಳಬೇಕು. ಒಪ್ಪದಿದ್ದರೆ ಕರಾರಿನಲ್ಲಿ ಗೊತ್ತುಪಡಿಸಿದ ದಿನದಿಂದ, ದಿನ ಗೊತ್ತುಪಡಿಸಿಲ್ಲದಿದ್ದರೆ ನಿರಾಕರಣೆ ತಿಳಿದ ದಿನದಿಂದ, 3 ವರ್ಷದೊಳಗೆ ಖರೀದಿ ಪತ್ರ ಮಾಡಿಕೊಡಿಸುವಂತೆ ದಾವೆ ಹೂಡಬೇಕು. ನೋಟರಿಗಳಲ್ಲಿ ಒಂದು ವಿನಂತಿ: ಇಂಥ ಕಾಗದಕ್ಕೆ ಮುದ್ರೆ ಒತ್ತುವ ಮೊದಲು ‘ಇದರಿಂದ ಮಾಲೀಕತ್ವ ಬರುವುದಿಲ್ಲ’ ಎಂದು ರೈತರಿಗೆ ಓದಿ ಹೇಳಿ.

– ಓದುಗರು, ವಿಜಯಪುರ