ಬದಿಯಡ್ಕದಲ್ಲಿ ನೆರವಾದ ಹಿರಿಯರಿಗೆ

ಬದಿಯಡ್ಕದ ರಸಮಂಜರಿಗೆ ಮುನ್ನ ನನ್ನ ಕೀಬೋರ್ಡಿನ ಸಿಂತ್ (ಸಿಂಥಸೈಜರ್) ನಾದವು ಗಿಟಾರಿನೆದುರು ತೀರ ತೆಳುವಾಗಿ ಕೇಳುತ್ತಿದ್ದಾಗ, ಚೀಲದಿಂದ ಹಸಿರು ಬಣ್ಣದ ಓವರ್‌ಡ್ರೈವ್ ಪೆಡಲ್ (ಗಿಟಾರಿನ ನಾದವನ್ನು ದಪ್ಪವಾಗಿಸಲು ಬಳಸುವ, ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆ) ತೆಗೆದುಕೊಟ್ಟು, ಹೆಸರು ಕೇಳುವ ಮೊದಲೇ ಹೊರಟುಹೋದ ಹಿರಿಯರೇ, ತಮಗೆ ಮನಸಾರೆ ಕೃತಜ್ಞತೆಗಳು.

ಕೀಬೋರ್ಡಿನ ಸಿಗ್ನಲ್ ಗಿಟಾರಿನದಕ್ಕಿಂತ ಬಲವಾದುದು, ನೇರವಾಗಿ ಕೊಟ್ಟರೆ ನಾದ ಒಡೆಯುತ್ತದೆ ಎಂದು ತಿಳಿಸಿ, ತಾವು ಮೊದಲು ಕೀಬೋರ್ಡಿನ ವಾಲ್ಯೂಮನ್ನು ಕಾಲು ಭಾಗಕ್ಕೆ ಇಳಿಸಿದಿರಿ. ಪೆಡಲಿನ ಪರಿಣಾಮವನ್ನು ಹೆಚ್ಚಿಸುವ ಡ್ರೈವ್ ಗುಂಡಿಯನ್ನು ಸ್ವಲ್ಪವೇ ತಿರುಗಿಸಿ, ಕಿವಿಗೊಟ್ಟು, ಮತ್ತೆ ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಂದಿರಿ. ನಾದದ ಅಲೆಯ ತುದಿಯನ್ನು ಪೆಡಲ್ ಮೆತ್ತಗೆ ಚಪ್ಪಟೆ ಮಾಡಿದಾಗ ಮೂಲಸ್ವರದೊಂದಿಗೆ ಹೊಸ ಉಪಸ್ವರಗಳು ಹುಟ್ಟುತ್ತವೆ, ನಾದ ದಪ್ಪವಾಗುವುದು ಅದರಿಂದಲೇ ಎಂಬ ತಮ್ಮ ವಿವರಣೆಯನ್ನು ನಾನು ಮರೆಯಲಾರೆ. ನಾನು ಮೂರು ಸ್ವರಗಳನ್ನು ಒಟ್ಟಿಗೆ ಹಿಡಿಯುವ ಕಾರ್ಡ್ (chord) ನುಡಿಸಿದಾಗ ಎಲ್ಲವೂ ಕಲಸಿಹೋಯಿತು; ಷಡ್ಜ, ಪಂಚಮಗಳನ್ನಷ್ಟೇ ಹಿಡಿಯಲು ಹೇಳಿದಿರಿ, ತಿಳಿಯಾಯಿತು.

ಆ ಪೆಡಲ್ ಮಂದ್ರವನ್ನು ತಗ್ಗಿಸುವುದರಿಂದ, ಎಡ ಔಟ್‌ಪುಟನ್ನು ಪೆಡಲಿಗೂ ಬಲದ್ದನ್ನು ನೇರವಾಗಿ ಮಿಕ್ಸರಿಗೂ ಕೊಟ್ಟು ಎರಡನ್ನೂ ಬೆರೆಸಿದ್ದು ನನಗೆ ಎಲ್ಲಕ್ಕಿಂತ ದೊಡ್ಡ ಪಾಠ. ಡೀಪ್ ಪರ್ಪಲ್ ಎಂಬ ಬ್ರಿಟಿಷ್ ರಾಕ್ ತಂಡದ ಜಾನ್ ಲಾರ್ಡ್ ಅವರು ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರಿನಲ್ಲಿ ನುಡಿಸುತ್ತಿದ್ದರೆಂದು ಓದಿದ್ದೆನಾದರೂ, ಅದರ ಕಾರಣ ಕೈಗೆ ಹತ್ತಿದ್ದು ಅಂದೇ. ತಮ್ಮ ಪೆಡಲ್ ನನ್ನಲ್ಲೇ ಉಳಿದಿದೆ. ಜೋಪಾನವಾಗಿ ಇರಿಸಿದ್ದೇನೆ, ದಯವಿಟ್ಟು ಬಂದು ಸ್ವೀಕರಿಸಬೇಕು.