ಹಳಿಯ ಜಾಗವನ್ನು ತುಂಡು ಮಾಡಬೇಡಿ

ಮಾನ್ಯ ಮಹಾಪೌರರಿಗೆ ನಮಸ್ಕಾರಗಳು.

ರೈಲು ಓಡಾಟ ನಿಂತು ವರ್ಷಗಳಾದ ಹಳಿಯ ಜಾಗವನ್ನು ನಿವೇಶನಗಳಾಗಿ ಹರಾಜು ಹಾಕುವ ಮಾತು ಕೇಳಿಬರುತ್ತಿದೆ. ದಯವಿಟ್ಟು ಅದನ್ನು ತಡೆದು, ಈ ಜಾಗವನ್ನು ಎಲ್ಲರೂ ನಡೆದಾಡುವ ಉದ್ಯಾನವಾಗಿಸಿ.

ಉದ್ಯಾನಕ್ಕೆ ಬೇರೆಡೆಯೂ ಜಾಗ ಸಿಕ್ಕೀತು. ಆದರೆ ಮನೆ, ಮಳಿಗೆ ಯಾವುದೂ ಅಡ್ಡಬರದೆ ಬಡಾವಣೆಯಿಂದ ಬಡಾವಣೆಗೆ ಸಾಗುವ ಇಂಥ ಪಟ್ಟಿ ಊರೊಳಗೆ ಮತ್ತೆ ಸಿಗುವುದಿಲ್ಲ. ರೈಲಿಗೆ ಕಡಿದಾದ ಏರು ಒಗ್ಗದು, ಹಾಗಾಗಿ ಈ ದಾರಿಗಳು ಹೆಚ್ಚುಕಡಿಮೆ ಸಮತಟ್ಟು. ಗಾಲಿಕುರ್ಚಿಯಲ್ಲಿ ಬರುವವರಿಗೆ, ಕೋಲೂರಿ ನಡೆಯುವ ಹಿರಿಯರಿಗೆ, ಸೈಕಲ್ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿದೆ? ನಡುವೆ ಒಂದೇ ಒಂದು ತುಂಡು ಮಾರಿದರೂ ದಾರಿ ಅಲ್ಲಿಗೆ ಮುಗಿಯಿತು.

ಪ್ಯಾರಿಸ್‌ನಲ್ಲಿ 1969ರಲ್ಲಿ ರೈಲು ನಿಂತ ಮಾರ್ಗವೊಂದು 1993ರ ಹೊತ್ತಿಗೆ ಸುಮಾರು 4.7 ಕಿ.ಮೀ. ಉದ್ದದ ಹಸಿರು ದಾರಿಯಾಯಿತು. ಅದರ ಸೇತುವೆಯ ಕಮಾನುಗಳಡಿ ಈಗ ಕುಶಲಕರ್ಮಿಗಳ ಮಳಿಗೆಗಳಿವೆ. ನ್ಯೂಯಾರ್ಕ್‌ನಲ್ಲಿ ಕಂಬಗಳ ಮೇಲೆ ಎತ್ತರದಲ್ಲಿ ಸಾಗುವ ಹೈಲೈನ್ ಎಂಬ ರೈಲುಮಾರ್ಗದಲ್ಲಿ ಕೊನೆಯ ರೈಲು ಓಡಿದ್ದು 1980ರಲ್ಲಿ. ಅದನ್ನು ಕೆಡವಲು ನಗರಾಡಳಿತವೇ ಮುಂದಾಗಿತ್ತು. 1999ರಲ್ಲಿ ಇಬ್ಬರು ನಿವಾಸಿಗಳು ಸಂಘ ಕಟ್ಟಿ ಎದ್ದು ನಿಂತರು, ಮುಂದೆ ಬಂದ ಆಡಳಿತ ಅವರ ಮಾತಿಗೆ ಕಿವಿಗೊಟ್ಟಿತು, 2009ರಲ್ಲಿ ಮೊದಲ ಭಾಗ ಜನರಿಗೆ ತೆರೆಯಿತು. ಜಲ್ಲಿಯ ನಡುವೆ ತಾನಾಗಿ ಹುಟ್ಟಿದ್ದ ಹುಲ್ಲು, ಹೂಗಳನ್ನು ನೋಡಿಯೇ ಅಲ್ಲಿನ ತೋಟವನ್ನು ರೂಪಿಸಿದರಂತೆ. ಕಳೆಯೆಂದು ಕಿತ್ತೆಸೆಯದೆ ಅದರಿಂದ ಕಲಿತ ಆ ವಿವೇಕ ನನಗೆ ತುಂಬ ಹಿಡಿಸಿತು.

ಆದರೆ ಅದೇ ಹೈಲೈನ್ ಸುತ್ತ ಮನೆಗಳ ಬೆಲೆ ಗಗನಕ್ಕೇರಿತು. ಪಕ್ಕದ ಬಡ ನಿವಾಸಿಗಳ ವಿಷಯದಲ್ಲಿ ತಾವು ಸೋತೆವೆಂದು ಸ್ಥಾಪಕರಲ್ಲೊಬ್ಬರಾದ ರಾಬರ್ಟ್ ಹ್ಯಾಮಂಡ್ ಅವರೇ ಆಮೇಲೆ ಒಪ್ಪಿಕೊಂಡರು. ಆದ್ದರಿಂದ ಮೊದಲ ಗಿಡ ನೆಡುವ ಮುನ್ನವೇ ಹಳಿಯ ಪಕ್ಕದ ಬಾಡಿಗೆದಾರರಿಗೆ ರಕ್ಷಣೆ ಕೊಡಿ. ಅವರು ಖಾಲಿ ಮಾಡಿ ಹೋದ ಮೇಲೆ ಉದ್ಯಾನ ಯಾರಿಗೆ?

ಮಣ್ಣನ್ನೂ ಪರೀಕ್ಷೆ ಮಾಡಿಸಿ. ಹಳಿಯಡಿಯ ಮರದ ಸ್ಲೀಪರ್‌ಗಳು ಕೆಡದಂತೆ ಬಳಸುತ್ತಿದ್ದ ಕ್ರಿಯೋಸೋಟ್ ಎಂಬ ವಿಷಕಾರಿ ಎಣ್ಣೆ, ಹಳೆಯ ಕಳೆನಾಶಕಗಳ ಆರ್ಸೆನಿಕ್ ವಿಷ ಅಲ್ಲಿ ಉಳಿದಿರಬಹುದು.

ಮುಂದೆ ರೈಲೇ ಬೇಕಾದರೆ ಎಂದು ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ 1983ರ ಕಾನೂನು ತಿದ್ದುಪಡಿಯು ಇಂಥ ಜಾಗವನ್ನು ನಡಿಗೆದಾರಿಯಾಗಿ ಬಳಸುತ್ತಲೇ ಮುಂದಿನ ರೈಲಿಗೆ ಕಾಯ್ದಿಡಲು ಅವಕಾಶ ಮಾಡಿತು. ದಾರಿಯಾಗಿ ಉಳಿದರೆ ರೈಲು ಮರಳಬಹುದು, ಕಟ್ಟಡ ಎದ್ದರೆ ಎರಡೂ ಇಲ್ಲ.

ಹರಾಜಿನ ಪ್ರಸ್ತಾವವನ್ನು ಮುಂದಿನ ಸಭೆಯಲ್ಲೇ ಕೈಬಿಡಿ. ಅದಕ್ಕೂ ಮೊದಲು ಬೇಲಿಯ ಬೀಗ ತೆಗೆಸಿ, ಈ ತುದಿಯಿಂದ ಆ ತುದಿಯವರೆಗೆ ನಮ್ಮ ಜೊತೆ ಒಮ್ಮೆ ನಡೆದು ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಹಳಿಯ ಪಕ್ಕದ ನಿವಾಸಿ