ಮಗಳಿಗೊಂದು ಪತ್ರ: ಡಿಮ್ಮರ್ ಒಳಗೆ ನಡೆಯುವುದೇನು?

ಪ್ರೀತಿಯ ಪುಟ್ಟೀ,

ದೀಪದ ಬೆಳಕು ತಗ್ಗಿಸುವ ಡಿಮ್ಮರನ್ನೇ ನೀರಿನ ಪಂಪಿಗೂ ಹಾಕಬಹುದಲ್ವಾ ಅಂತ ಕೇಳಿದ್ದೆಯಲ್ಲ, ಬೇಡ. ಯಾಕೆ ಅನ್ನುವುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ನಿನಗೆ ಇದು ಸರಿಯಾಗಿ ಗೊತ್ತಿರಬೇಕು ಅಂತ ಬರೆಯುತ್ತಿದ್ದೇನೆ.

ಹಳೆಯ ಫ್ಯಾನ್ ರೆಗ್ಯುಲೇಟರಿನಲ್ಲಿ ತಂತಿ ಸುತ್ತಿದ ರೆಸಿಸ್ಟರ್ ಇರುತ್ತಿತ್ತು. ಫ್ಯಾನಿಗೆ ಬೇಡವಾದ ವೋಲ್ಟೇಜನ್ನು ಅದು ತಾನೇ ನುಂಗಿ ಬಿಸಿಯಾಗುತ್ತಿತ್ತು. ಸುಮ್ನೆ ವಿದ್ಯುತ್ ದಂಡ. ಡಿಮ್ಮರಿನ ಒಳಗಿರುವ ಟ್ರಯಾಕ್ ಅನ್ನುವ ಭಾಗ ಹಾಗೆ ಮಾಡುವುದಿಲ್ಲ. ಅದೊಂದು ಸ್ವಿಚ್. ಒಂದೋ ಪೂರ್ತಿ ಆನ್, ಇಲ್ಲಾ ಪೂರ್ತಿ ಆಫ್. ಆನ್ ಇದ್ದಾಗ ಅದರ ಮೇಲೆ ಬೀಳುವುದು ಸುಮಾರು ಒಂದೂವರೆ ವೋಲ್ಟ್ ಅಷ್ಟೇ.

ಹಾಗಾದರೆ ಬೆಳಕು ತಗ್ಗುವುದು ಹೇಗೆ? ಮನೆಯ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಅಲೆ. ಅದು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಒಂದೊಂದು ಅರ್ಧ ಅಲೆಗೆ 10 ಮಿಲಿಸೆಕೆಂಡ್. ಈ ಪುಟ್ಟ ಹೊತ್ತಿನಲ್ಲಿ ಯಾವಾಗ ಆನ್ ಆಗಬೇಕು ಅನ್ನುವುದನ್ನು ನೀನು ತಿರುಗಿಸುವ ಗುಬುಟು ತೀರ್ಮಾನಿಸುತ್ತದೆ. ಅದರ ಹಿಂದಿರುವ ರೆಸಿಸ್ಟರ್ ಮೂಲಕ, ಚಾರ್ಜ್ ಕೂಡಿಟ್ಟುಕೊಳ್ಳುವ ಒಂದು ಕೆಪಾಸಿಟರ್ ತುಂಬುತ್ತಾ ಹೋಗುತ್ತದೆ. ಸುಮಾರು 30 ವೋಲ್ಟ್ ಮುಟ್ಟಿದ ಕೂಡಲೇ ಡಯಾಕ್ ಅನ್ನುವ ಭಾಗ ತೆರೆದುಕೊಂಡು ಟ್ರಯಾಕಿನ ಗೇಟಿಗೆ, ಅಂದರೆ ಅದನ್ನು ಆನ್ ಮಾಡುವ ಕಾಲಿಗೆ, ಒಂದು ಏಟು ಕೊಡುತ್ತದೆ. ಒಮ್ಮೆ ಆನ್ ಆದ ಟ್ರಯಾಕ್ ಕರೆಂಟು ಸೊನ್ನೆಯ ಹತ್ತಿರ ಬರುವವರೆಗೂ ಆರುವುದಿಲ್ಲ. ಬಂದಾಗ ತಾನೇ ಆರುತ್ತದೆ. ಮುಂದಿನ ಅರ್ಧ ಅಲೆಯಲ್ಲಿ ಮತ್ತೆ ಅದೇ ಆಟ. 5 ಮಿಲಿಸೆಕೆಂಡ್ ತಡವಾಗಿ ಆನ್ ಮಾಡಿದರೆ ಹೀಟರಿನಂಥ ಲೋಡಿಗೆ ಸರಿಯಾಗಿ ಅರ್ಧ ಪವರ್. ಇಷ್ಟು ಕಡಿಮೆ ಭಾಗಗಳಲ್ಲಿ ಇಷ್ಟು ಒಳ್ಳೆಯ ಕೆಲಸ ಮಾಡುವ ಸರ್ಕ್ಯೂಟ್ ನನಗೆ ಇವತ್ತಿಗೂ ಬಲು ಇಷ್ಟ.

ಮೋಟಾರ್ ಬಂದರೆ ಕಥೆ ಬೇರೆ. ಅದರಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಕರೆಂಟು ಸೊನ್ನೆಯಾಗಿ ಟ್ರಯಾಕ್ ಆರುವ ಹೊತ್ತಿಗೆ ವೋಲ್ಟೇಜು ಆಗಲೇ ಏರಿರುತ್ತದೆ. ಅದು ತಟ್ಟನೆ ಟ್ರಯಾಕಿನ ಮೇಲೆ ಬಿದ್ದು, ಗೇಟಿನ ಅಪ್ಪಣೆ ಇಲ್ಲದೆಯೇ ಮತ್ತೆ ಆನ್ ಮಾಡಿಬಿಡಬಹುದು. ಅದಕ್ಕೇ ಮೋಟಾರಿನ ಕಂಟ್ರೋಲಿನಲ್ಲಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿಸಿ, ಆ ತಟ್ಟನೆಯ ಏರಿಕೆಯನ್ನು ನಿಧಾನಿಸುವ ಸ್ನಬ್ಬರ್ ಹಾಕುತ್ತಾರೆ. ದೀಪದ ಡಿಮ್ಮರಿನಲ್ಲಿ ಅದು ಇರಲೇಬೇಕೆಂದಿಲ್ಲ.

ಡ್ರಿಲ್, ಮಿಕ್ಸಿಗಳಲ್ಲಿರುವ ಬ್ರಷ್ ಮೋಟಾರ್ ಈ ಕಂಟ್ರೋಲಿಗೆ ಚೆನ್ನಾಗಿ ಬಗ್ಗುತ್ತದೆ. ಫ್ಯಾನೂ ಪರವಾಗಿಲ್ಲ, ನಿಧಾನವಾದಷ್ಟೂ ಗಾಳಿಯ ಹೊರೆ ಇಳಿಯುತ್ತದೆ. ಅದು ಗುಂಯ್ ಅನ್ನುವುದು ಅಲೆ ಕತ್ತರಿಸಿಹೋಗಿರುವುದರಿಂದ. ಪಂಪಿನ ಇಂಡಕ್ಷನ್ ಮೋಟಾರಿನ ವೇಗ ಮಾತ್ರ ಮುಖ್ಯವಾಗಿ ಕರೆಂಟಿನ ಫ್ರೀಕ್ವೆನ್ಸಿಗೆ, ಅಂದರೆ ಆ 50 ಹರ್ಟ್ಸಿಗೆ, ಕಟ್ಟುಬಿದ್ದದ್ದು. ಡಿಮ್ಮರ್ ಫ್ರೀಕ್ವೆನ್ಸಿಯನ್ನು ಬದಲಿಸುವುದಿಲ್ಲ, ತಿರುಗಿಸುವ ಬಲವನ್ನು ಮಾತ್ರ ಕುಗ್ಗಿಸುತ್ತದೆ. ಆಗ ಮೋಟಾರ್ ಸ್ಟಾರ್ಟ್ ಆಗದೆ ನಿಂತಲ್ಲೇ ಜಾಸ್ತಿ ಕರೆಂಟು ಎಳೆದು ಒಳಗಿನ ತಂತಿಯ ಸುರುಳಿ (ವೈಂಡಿಂಗ್) ಸುಟ್ಟುಕೊಳ್ಳಬಹುದು.

ನೀನು ಡಿಮ್ಮರ್ ಬಿಚ್ಚಿ ನೋಡದೆ ಇರುವವಳಲ್ಲ, ಗೊತ್ತು. ಟ್ರಯಾಕ್ ಆಫ್ ಇದ್ದಾಗಲೂ ಚೂರು ಕರೆಂಟು ಸೋರುತ್ತದೆ. ಗುಬುಟು ಸೊನ್ನೆಗೆ ತಿರುಗಿಸಿದ್ದೇನೆ ಅಂತ ಕೈ ಹಾಕಬೇಡ ಮಗಳೇ. ಮೇನ್ ಸ್ವಿಚ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಬಿಚ್ಚು.

ನಿನ್ನ
ಅಮ್ಮ